ಕುಂಡೆ ಹಬ್ಬಕ್ಕೆ ಹೋದ ಕೆಲಸ

ಮೇ ತಿಂಗಳ ಕೊನೆಯ ವಾರ. ಪೊನ್ನಂಪೇಟೆ ಹತ್ತಿರ ಉತ್ತಯ್ಯನವರ ಹೋಂಸ್ಟೇಯಲ್ಲಿ ಎಂಟು ಕೋಣೆಗಳೂ ಭರ್ತಿ. ಬೆಳಗ್ಗೆ ಒಂಬತ್ತಾದರೂ ತಿಂಡಿ ಇಲ್ಲ, ಬಿಸಿನೀರು ಇಲ್ಲ. ಹನ್ನೆರಡು ಜನ ಕೆಲಸಗಾರರಲ್ಲಿ ಬಂದವರು ಇಬ್ಬರೇ. “ಲಿಂಗಣ್ಣನನ್ನು ವಾಪಸ್ ತೆಗೆದುಕೊಳ್ಳುವ ತನಕ ಬರುವುದಿಲ್ಲ” ಎಂದು ಉಳಿದವರು ಹೇಳಿ ಕಳಿಸಿದ್ದರು.

ಉತ್ತಯ್ಯ ತಾವೇ ಅಕ್ಕಿ ರೊಟ್ಟಿ ತಟ್ಟಲು ಹೋಗಿ ಮೂರನ್ನು ಸುಟ್ಟಿದ್ದರು. ಅಷ್ಟರಲ್ಲಿ ಪಕ್ಕದ ಮನೆಯ ಬೋಜಮ್ಮ ಬಂದರು. ಹದಿನಾಲ್ಕು ಹೆಂಗಸರನ್ನು ಇಟ್ಟುಕೊಂಡು ಮಸಾಲೆ ಪುಡಿಯ ಘಟಕ ನಡೆಸುವವರು.

“ಈ ಕಡೆ ಸರಿ ಉತ್ತಯ್ಯ, ನಾನು ಮಾಡ್ತೇನೆ. ಏನಂತೆ ಲಿಂಗನದ್ದು?”

“ನಾನೇನೂ ಮಾಡ್ಲಿಲ್ಲ ಅಕ್ಕ! ಎಲ್ಲ ಈ ಚಿದಾನಂದ ಮಾಡಿದ್ದು.”

ಚಿದಾನಂದ ಎರಡು ತಿಂಗಳ ಹಿಂದೆ ಸೇರಿದ ಮ್ಯಾನೇಜರ್. ಊರು ಉತ್ತರ ಕೊಡಗಿನ ಶನಿವಾರಸಂತೆ. ದಕ್ಷಿಣ ಕೊಡಗಿನ ಕುಂಡೆ ಹಬ್ಬವನ್ನು ಕಂಡವನಲ್ಲ. ಆ ದಿನ ಇಲ್ಲಿಯ ಆದಿವಾಸಿಗಳಾದ ಎರವರು, ಜೇನುಕುರುಬರು ವೇಷ ಹಾಕಿ, ಡಬ್ಬ ಬಡಿಯುತ್ತಾ, ಎದುರಿಗೆ ಸಿಕ್ಕವರನ್ನೆಲ್ಲ ಬೈಯುತ್ತಾರೆ. ಸಾಹುಕಾರ ಆಗಲಿ, ಪೊಲೀಸ್ ಆಗಲಿ, ಬೈಸಿಕೊಂಡು ನಕ್ಕು ಕಾಣಿಕೆ ಕೊಡುವುದು ಇಲ್ಲಿಯ ಪದ್ಧತಿ. ಹನ್ನೊಂದು ವರ್ಷದಿಂದ ಹೋಂಸ್ಟೇಯ ಬಾಯ್ಲರ್, ತೋಟ ನೋಡಿಕೊಂಡಿದ್ದ ಲಿಂಗ ಈ ಸಲವೂ ಹೆಣ್ಣು ವೇಷದಲ್ಲಿ ಗೇಟಿಗೆ ಬಂದ. ಉತ್ತಯ್ಯನವರ ಹೊಟ್ಟೆಯನ್ನು ಬೈದ, ಮೀಸೆಯನ್ನು ಬೈದ. ಅವರು ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಆಮೇಲೆ ಲಿಂಗ ಮ್ಯಾನೇಜರ್ ಕಡೆ ತಿರುಗಿದ. ಮರುದಿನ ಅವನ ಕೈಗೆ ಕೆಲಸದಿಂದ ತೆಗೆದ ಪತ್ರ ಬಂತು.

“ರೂಲ್ಸ್ ಬುಕ್ಕಲ್ಲಿ ಇರೋದನ್ನೇ ಮಾಡ್ದೆ ಮೇಡಂ,” ಎಂದ ಬಾಗಿಲಲ್ಲಿ ನಿಂತಿದ್ದ ಚಿದಾನಂದ. “ಹದಿನಾಲ್ಕನೇ ರೂಲು. ಮೇಲಿನವರನ್ನ ಬೈದ್ರೆ ತಕ್ಷಣ ವಜಾ. ಬುಕ್ ಕೊಟ್ಟೋರು ಸಾರ್. ಲೆಟರಿಗೆ ಸೈನ್ ಹಾಕಿದ್ದೂ ಸಾರೇ.”

“ಓದದೆ ಸೈನ್ ಹಾಕಿದ್ಯಾ?” ಬೋಜಮ್ಮ ರೊಟ್ಟಿ ಬಿಟ್ಟು ತಿರುಗಿದರು.

“ಗ್ಯಾಸಿನವರ ಕಾಗದದ ಜೊತೆ ಇಟ್ಟಿದ್ದ ಅಕ್ಕ...”

“ಬುಕ್ ಎಲ್ಲಿಂದ ಬಂತು?”

“ಮೊಬೈಲಲ್ಲಿ ಸಿಕ್ಕಿತ್ತು. ಬೆಂಗಳೂರಿನ ಯಾವುದೋ ಕಂಪೆನಿದು. ಹೆಸರು ಮಾತ್ರ ಬದಲಾಯಿಸಿದ್ದೆ.”

“ದೇವರೇ! ಆ ಲೆಟರಲ್ಲಿ ಇನ್ನೇನು ಬರೆದಿದ್ದೀರಿ ಆ ಲಿಂಗನಿಗೆ?”

ಉತ್ತಯ್ಯ ಪತ್ರದ ಪ್ರತಿಯನ್ನು ಅವರ ಮುಂದೆ ಹಿಡಿದರು. ಮೂರು ದಿನದಲ್ಲಿ, ಕೆಲಸಗಾರರಿಗೆಂದು ಕೊಟ್ಟ ಲೈನ್ ಮನೆ ಖಾಲಿ ಮಾಡಬೇಕು ಎಂದಿತ್ತು ಆ ಪತ್ರದಲ್ಲಿ. ಅಂದರೆ ನಾಳೆ. ಮಳೆಗಾಲ ತಲೆಯ ಮೇಲಿದೆ. ಲಿಂಗನ ಹೆಂಡತಿ ದೊಡ್ಡಿ ಆಗಲೇ ಪಾತ್ರೆಗಳನ್ನು ಚೀಲಕ್ಕೆ ತುಂಬಿದ್ದಳು.

“ಲಿಂಗನಿಗೆ ಬಾ ಅಂತ ಹೇಳಿದೆ ಅಕ್ಕ. ಬರ್ಲಿಲ್ಲ. ‘ಇವತ್ತು ಬಾ ಅಂತೀರಿ, ನಾಳೆ ಇನ್ನೊಂದು ರೂಲು ತೆಗೀತೀರಿ’ ಅಂದ. ನಾನು ಕಾಗದ ವಾಪಸ್ ತಗೊಂಡ್ರೆ ಮ್ಯಾನೇಜರ್ ಮಾತಿಗೆ ಯಾರು ಬೆಲೆ ಕೊಡ್ತಾರೆ, ಹೇಳಿ?”

“ಈಗ ಯಾರು ಕೊಡ್ತಿದ್ದಾರೆ? ಎದ್ದು ನಡಿ, ವಕೀಲೆ ಶೋಭಿತಾ ಹತ್ರ ಹೋಗುವ. ನಮ್ಮ ಘಟಕದ ರೂಲ್ಸ್ ಬುಕ್ ಬರೆದುಕೊಟ್ಟವರು ಅವರೇ.”

“ಹನ್ನೆರಡು ಜನಕ್ಕೆ ವಕೀಲರಾ? ಕೇಸು ಆದಮೇಲೆ ತಾನೇ ವಕೀಲರು?”

“ಕೇಸು ಆದಮೇಲೆ ಹೋದ್ರೆ ವರ್ಷಗಟ್ಟಲೆ ಕೋರ್ಟಿಗೆ ಅಲೀತೀಯ. ಈಗ ಹೋದ್ರೆ ನಾಲ್ಕು ಸಲ ಅವರ ಆಫೀಸಿಗೆ, ಅಷ್ಟೇ. ಹೊಸ ಜೀಪಿಗೆ ಎರಡು ಹಾರ್ನ್ ಹಾಕಿಸ್ಲಿಕ್ಕೆ ದುಡ್ಡುಂಟು, ಇದಕ್ಕೆ ಇಲ್ವಾ?”

ಅತಿಥಿಗಳಿಗೆ ರೊಟ್ಟಿ ಬಡಿಸಿ ಮೂವರೂ ಹೊರಟರು. ಶೋಭಿತಾ ಆ ಪುಸ್ತಕವನ್ನು ತಿರುವಿ ಹಾಕಿ ಕನ್ನಡಕ ತೆಗೆದರು.

“ಉತ್ತಯ್ಯನವರೇ, ದೂರು ಇದ್ದವರು ನಾಲ್ಕನೇ ಮಹಡಿಯ ಎಚ್.ಆರ್. ವಿಭಾಗಕ್ಕೆ ಹೋಗಬೇಕು ಅಂತ ಇದೆ. ನಿಮ್ಮದು ಹೆಂಚಿನ ಮನೆ ಅಲ್ವಾ?”

ಬೋಜಮ್ಮ ಹಣೆ ಚಚ್ಚಿಕೊಂಡರು.

“ಮೊದಲು ಈ ವಜಾ ಪತ್ರ ಹಿಂದಕ್ಕೆ ತಗೊಳ್ಳಿ. ಬಾಯಲ್ಲಿ ಅಲ್ಲ, ಬರವಣಿಗೆಯಲ್ಲಿ, ಇವತ್ತೇ,” ಎಂದರು ಶೋಭಿತಾ. “ಹಬ್ಬ ಇರಲಿ, ಇಲ್ಲದಿರಲಿ, ಒಬ್ಬರನ್ನ ಕೆಲಸದಿಂದ ಬಿಡಿಸುವ ಮುಂಚೆ ಕಾರಣ ತಿಳಿಸಿ ನೋಟಿಸ್ ಕೊಡಬೇಕು. ಅವರ ಮಾತು ಕೇಳಬೇಕು. ಲಿಂಗ ಕೋರ್ಟಿಗೆ ಹೋಗಿದ್ರೆ ನೀವು ಏನು ಹೇಳ್ತಿದ್ರಿ? ಮೊಬೈಲಲ್ಲಿ ಸಿಕ್ತು ಅಂತಲಾ? ನಿಮ್ಮಲ್ಲಿ ಹತ್ತಕ್ಕಿಂತ ಹೆಚ್ಚು ಜನ ಇದ್ದಾರೆ. ಹೆಂಗಸರಿಗೆ ಲೈಂಗಿಕ ಕಿರುಕುಳ ಆದ್ರೆ ದೂರು ಕೇಳುವ ಸಮಿತಿ ಮಾಡಿದ್ದೀರಾ?”

“ಅದೂ ಬೇಕಾ?” ಎಂದರು ಉತ್ತಯ್ಯ.

“ಬೇಕಾ ಅಂತ ಕೇಳ್ತಾನೆ!” ಎಂದರು ಬೋಜಮ್ಮ.

ಸಂಜೆಯೇ ಪತ್ರ ಲಿಂಗನ ಕೈ ಸೇರಿತು. ಕೊಟ್ಟವನು ಚಿದಾನಂದ. “ನಂಗೆ ಗೊತ್ತಿರ್ಲಿಲ್ಲ ಲಿಂಗಣ್ಣ” ಎಂದಷ್ಟೇ ಹೇಳಿದ. ಮರುದಿನ ಎಲ್ಲರೂ ಕೆಲಸಕ್ಕೆ ಬಂದರು. ಆದರೆ ದೊಡ್ಡಿ ಮಾತ್ರ ಚೀಲ ಬಿಚ್ಚಲಿಲ್ಲ.

ಮುಂದಿನ ವಾರ ಶೋಭಿತಾ ಹೋಂಸ್ಟೇಗೆ ಬಂದರು. ಅಡುಗೆಯವರು, ಡ್ರೈವರ್, ಬಟ್ಟೆ ಒಗೆಯುವವರು, ಎಲ್ಲರನ್ನೂ ಕೂರಿಸಿ ಕೇಳಿದರು. ಕೆಲಸ ಎಷ್ಟು ಹೊತ್ತು? ವಾರದ ರಜೆ ಯಾವತ್ತು? ಗಾಯವಾದರೆ ಯಾರು ನೋಡುತ್ತಾರೆ? ಕೇಳಿದ್ದನ್ನು ಕಾನೂನಿಗೆ ಹೊಂದಿಸಿ ಬರೆದರು. ಸಿದ್ಧವಾದ ಮೇಲೆ ಎಲ್ಲರ ಮುಂದೆ ಓದಿಸಿದರು.

“ನಮ್ಮ ಹಬ್ಬ ಉಂಟಾ ಅದರಲ್ಲಿ?” ಲಿಂಗ ಕೇಳಿದ.

“ಉಂಟು,” ಎಂದರು ಶೋಭಿತಾ. “ಪುತ್ತರಿ, ಓಣಂ, ರಂಜಾನ್, ಕುಂಡೆ ಹಬ್ಬ. ಯಾರದ್ದು ಹಬ್ಬವೋ ಅವರಿಗೆ ರಜೆ. ಆವತ್ತು ಉಳಿದವರು ಕೆಲಸ ನೋಡಿಕೊಳ್ಳಬೇಕು.”

“ಮನೆದು?” ಹಿಂದಿನಿಂದ ದೊಡ್ಡಿಯ ದನಿ.

“ನೋಟಿಸ್ ಕೊಡದೆ, ಮಾತು ಕೇಳದೆ ಕೆಲಸವನ್ನೂ ಬಿಡಿಸುವಂತಿಲ್ಲ, ಲೈನ್ ಮನೆಯನ್ನೂ ಬಿಡಿಸುವಂತಿಲ್ಲ. ಕೆಳಗೆ ಉತ್ತಯ್ಯನವರ ಸಹಿ.”

“ಈ ಸಲ ಓದಿ ಹಾಕಿದ್ದಾ?” ಎಂದಳು ದೊಡ್ಡಿ.

“ಎರಡು ಸಲ ಓದಿದ್ದೇನೆ ಮಾರಾಯ್ತಿ!” ಎಂದರು ಉತ್ತಯ್ಯ.

ಒಂದು ಪ್ರತಿಯನ್ನು ಲಿಂಗ ಕೇಳಿ ಪಡೆದ. ಆ ಮಧ್ಯಾಹ್ನ ದೊಡ್ಡಿ ಪಾತ್ರೆಗಳನ್ನು ಹೊರಗೆ ತೆಗೆದು, ತೊಳೆದು, ಒಲೆಯ ಪಕ್ಕ ಜೋಡಿಸಿದಳು.

ಅಂಗಡಿ, ಹೋಂಸ್ಟೇ, ಗ್ಯಾರೇಜ್, ಮಸಾಲೆ ಘಟಕ ನಡೆಸುವವರೇ, ನಿಮ್ಮಲ್ಲಿ ಕೆಲಸದ ನಿಯಮಗಳು ಬರೆದಿವೆಯೇ? ಬರೆದಿದ್ದರೆ ಅವು ನಿಮ್ಮ ಜಾಗಕ್ಕೆ ಬರೆದವೋ, ಇನ್ಯಾರದ್ದೋ ಜಾಗದವೋ? ಕಾನೂನು ಬದಲಾಗುತ್ತಿರುತ್ತದೆ, ಅದನ್ನು ತಿಳಿದ ವಕೀಲರಿಂದಲೇ ಬರೆಸಿ. ಕೆಲಸಗಾರರನ್ನು ಕೇಳಿ ಬರೆಸಿ, ಅವರಿಗೆ ತಿಳಿಯುವ ಭಾಷೆಯಲ್ಲಿ ಓದಿ ಹೇಳಿ, ಒಂದೊಂದು ಪ್ರತಿ ಕೊಡಿ. ಜಗಳ ಆಗುವ ತನಕ ಕಾಯಬೇಡಿ. ಈ ವಾರವೇ ಹೋಗಿ. ಮತ್ತೆ, ದಯವಿಟ್ಟು, ಸಹಿ ಹಾಕುವ ಮುಂಚೆ ಓದಿ!