ಎರಡನೆಯ ಬಟ್ಟಲಿನ ಸಂಪಿಗೆ

ವಸಂತದ ಎಳೆಬಿಸಿಲು ಗುಡ್ಡದ ಓರೆಯಿಂದ ಇಳಿದು ಬಂದು, ಅಂಗಳದಲ್ಲಿ ಹರಡಿದ ಚಹಾ ಎಲೆಗಳ ಮೇಲೆ ಮಗ್ಗುಲು ಬದಲಿಸುತ್ತ ಮಲಗಿತ್ತು. ಮಂಜು ಕರಗಿ, ಎಲೆಗಳ ಬಿಗು ಸಡಿಲಿ, ಹಸಿ ಹುಲ್ಲಿನ ವಾಸನೆ ಮೆಲ್ಲಮೆಲ್ಲನೆ ಹಿಂಜರಿಯುವ ಆ ಹೊತ್ತಿನಲ್ಲಿ, ಬಿದಿರಿನ ಅಗಲ ತಟ್ಟೆಗಳನ್ನು ಒಂದೊಂದಾಗಿ ನೆರಳಿನ ಕೋಣೆಗೆ ಸಾಗಿಸುತ್ತಿದ್ದಳು ಆ ಮನೆಯ ಸೊಸೆ. ಸಹೃದಯರೇ, ಊಲಾಂಗ್ ಎಂಬ ಈ ಅರೆಮಾಗಿಸಿದ ಚಹಾಕ್ಕೆ ಹೂವನ್ನು ಯಾರೂ ಬೆರೆಸುವುದಿಲ್ಲ! ತಟ್ಟೆಯಲ್ಲಿ ಎಲೆಗಳನ್ನು ಕುಲುಕಿ, ಅಂಚು ಒಂದಿಷ್ಟೇ ನಲುಗಿಸಿ, ವಿರಮಿಸಲು ಬಿಟ್ಟು, ಮತ್ತೆ ಕುಲುಕಬೇಕು... ಆಗ ತಾನಾಗಿ ಪುಷ್ಪಗಂಧ ಒಸರುತ್ತದೆ. ಕೈ ಹೇಗೋ ಗಂಧವೂ ಹಾಗೆ. ಒಂದೇ ಗಿಡದ ಎಲೆ ಅವಳ ಕೈಯಲ್ಲಿ ಮಲ್ಲಿಗೆಯಾಗುತ್ತಿತ್ತು. ಅವಳ ಗಂಡನ ಕೈಯಲ್ಲಿ ಸಂಪಿಗೆ. ಆ ಸಂಪಿಗೆಗೆ ಮನಸೋತೇ ಅವಳು ಈ ಹೊಸಿಲು ತುಳಿದದ್ದು.

ಆದರೆ ಎರಡು ವಸಂತಗಳಿಂದ ಆ ಮನೆಯಲ್ಲಿ ಸಂಪಿಗೆ ಅರಳಿರಲಿಲ್ಲ. ಮಣಿಕಟ್ಟು ನೋವೆಂದು ಬಟ್ಟೆ ಸುತ್ತಿಕೊಂಡ ಅವನು ಚಹಾ ಮಾರಲು ಊರೂರು ಅಲೆಯುತ್ತಿದ್ದ. ಅವನ ಪಾಲಿನ ತಟ್ಟೆಗಳನ್ನೂ ಅವಳೇ ಕುಲುಕುತ್ತಿದ್ದಳು. ಅವನು ಬಂದ ಸಂಜೆ, ತನ್ನ ಭುಜದ ಸಿಡಿತ ನುಂಗಿಕೊಂಡು, ಆ ಕೈಗೆ ಬೆಚ್ಚನೆಯ ಎಣ್ಣೆ ತಿಕ್ಕುತ್ತಿದ್ದಳು.

"ಕೈ ಬಿದ್ದುಹೋದ್ರೂ ನನ್ನ ಮಗನ ಬಾಯಿಗೇನೂ ಆಗಿಲ್ಲ ನೋಡು," ಎಂದು ಅತ್ತೆ ಕುಟುಕುತ್ತಿದ್ದರು. "ಎಣ್ಣೆ ಸುರೀತಾ ಇರು ತಾಯಿ, ಕರಿದು ತಿನ್ನೋಷ್ಟಾಗ್ಲಿ!"

ಅಂದು ಮಧ್ಯಾಹ್ನ ಅವಳು ಬಟ್ಟಲು ಕೊಳ್ಳಲು ಸೇತುವೆಯಾಚೆಯ ಊರಿಗೆ ಹೋದಳು. ಬಟ್ಟಲು ಮಾಡುವ ಹೆಂಗಸು ಮಣ್ಣಿನ ಕೈ ತೊಳೆದು ಕೂರಿಸಿದಳು.

"ಬಿಸಿಲಲ್ಲಿ ಬಂದಿದೀರ ಅಕ್ಕ. ಬಟ್ಟಲು ಹೇಗಿದೆ ಅಂತ ಕುಡಿದೇ ನೋಡಿ."

ಕುದಿನೀರು ಬಿದ್ದಿತು. ಸುರುಟಿದ ಎಲೆಗಳು ನಿದ್ದೆ ತಿಳಿದವುಗಳಂತೆ ಮೈಮುರಿದವು. ಮೊದಲ ಬಟ್ಟಲು ಸಂಕೋಚದಿಂದ ಬರೀ ಬೆಚ್ಚಗಿತ್ತು. ಎರಡನೆಯದು... ಹೊಂಬಣ್ಣದ ಆ ನೀರು ನಾಲಗೆಯ ಮೇಲೆ ಜಾರಿ ಗಂಟಲಲ್ಲಿ ಸಿಹಿಯಾಗಿ ಮರಳುವಷ್ಟರಲ್ಲಿ, ಅವಳ ಉಸಿರೆಲ್ಲ ಸಂಪಿಗೆ!

"ಯಾರು ಮಾಡಿದ ಚಹಾ ಇದು?"

"ನಮ್ಮನೆಯವರು," ಎಂದು ಬಟ್ಟಲಿನವಳು ನಾಚಿದಳು. "ಮದುವೆ ಇನ್ನೂ ಆಗ್ಬೇಕು, ಬಾಯಿಗೆ ರೂಢಿ ಆಗೋಗಿದೆ. ಬಂದಾಗೆಲ್ಲ ಆ ಕೋಣೇಲಿ ಬೆಳಗಾಗೋವರೆಗೂ ಕುಲುಕ್ತಾರೆ. ಪಾಪ, ಅವರಿಗೆ ಹಿಂದೆ ಮುಂದೆ ಯಾರೂ ಇಲ್ವಂತೆ."

ಸೊಸೆ ಬಟ್ಟಲನ್ನು ಪೂರ್ತಿ ಕುಡಿದಳು. ಆ ನಾಚಿಕೆಯ ಮುಖದ ಮೇಲೆ ಕಲ್ಲೆಸೆಯಲು ಅವಳಿಗೆ ಕೈ ಬರಲಿಲ್ಲ. ಏನನ್ನೂ ಕೊಳ್ಳದೆ ಎದ್ದಳು.

ಮರುದಿನ ಗಂಡ ಮನೆಗೆ ಬಂದ. ಅವಳು ಎಲೆ ತುಂಬಿದ ತಟ್ಟೆಯನ್ನು ಅವನೆದುರು ಹಿಡಿದಳು.

"ಕೈ ನೋವು ಗೊತ್ತಲ್ಲ ನಿಂಗೆ."

"ಬಟ್ಟಲು ಮಾಡೋಳ ಮನೇಲಿ ನೋಯಲ್ವಂತೆ."

ಮೋಡ ಮುಸುಕಿದ ಕೆರೆಯಂತೆ ಅವನ ಮುಖ ಕಪ್ಪಿಟ್ಟಿತು. ಅವನು ಮಣಿಕಟ್ಟಿನ ಬಟ್ಟೆ ಬಿಚ್ಚಿ, ತಟ್ಟೆ ತೆಗೆದುಕೊಂಡು ಕುಲುಕತೊಡಗಿದ. ದೀಪ ಹಚ್ಚುವ ವೇಳೆಗೆ ಗಂಧ ಕೋಣೆ ತುಂಬಿ, ಬಾಗಿಲು ದಾಟಿ, ಅಂಗಳಕ್ಕೂ ಹರಿಯಿತು. ಅವನು ಬೊಗಸೆ ಎಲೆ ಹಿಡಿದು ಅವಳ ಬಳಿ ಬಂದು ನಿಂತ.

"ಒಂದ್ಸಲ ಮೂಸಿ ನೋಡಲ್ವಾ?"

"ಕುಡಿದಾಗಿದೆ," ಎಂದಳು.

ತನ್ನ ಪಾಲಿನ ತಟ್ಟೆಗಳನ್ನಷ್ಟೇ ಎತ್ತಿಕೊಂಡು ಪಕ್ಕದ ಕೋಣೆಗೆ ಹೋಗಿ ಕದ ಮುಂದೆ ಮಾಡಿಕೊಂಡಳು. ಅವನು ಬೊಗಸೆ ಇಳಿಸದೆ ಅಲ್ಲೇ ನಿಂತಿದ್ದ...

ಒಲವಿನಿಂದ ಕೊಡುವಾಗ ಯಾವ ಹೃದಯ ತಾನೆ ಲೆಕ್ಕವಿಡುತ್ತದೆ! ಅದು ನದಿಯಂತೆ ಸುರಿದುಕೊಂಡು ಹಗುರಾಗುತ್ತದೆ. ನಂಬಿಕೆ ಮುರಿದ ಮೇಲೆಯೇ ಕೊಟ್ಟದ್ದೆಲ್ಲ ಸಾಲವಾಗಿ ಎದ್ದು ನಿಲ್ಲುವುದು... ಆಗ ತೀರಿಸುವವನ ಕೈಯಲ್ಲಿ ಏನಿದ್ದರೇನು, ಪಡೆಯಬೇಕಾದವಳೇ ಅಲ್ಲಿಂದ ಎದ್ದುಹೋಗಿರುತ್ತಾಳೆ.