ಗೋಡೆಯಾಚೆಯ ಏಳೂವರೆ

ಸಂಜೆ ಏಳೂವರೆ ಆಯಿತು. ಗೋಡೆಯಾಚೆಯಿಂದ ಟಿವಿ ಸದ್ದು ಬರಲಿಲ್ಲ. ಬಸಮ್ಮ ಮಂಚದ ಮೇಲೆ ಕೂತಲ್ಲೇ ಎಡಗಿವಿಯನ್ನು ಗೋಡೆಗೆ ಹಚ್ಚಿ ನೋಡಿದರು, ಆಮೇಲೆ ಬಲಗಿವಿಯನ್ನು. ಊಹೂಂ. ಕರೆಂಟ್ ಹೋಗಿದೆಯೇನೋ ಎಂದುಕೊಳ್ಳೋಣವೆಂದರೆ ನೆತ್ತಿಯ ಮೇಲೆ ಫ್ಯಾನು ಗಿರಗಿರ ತಿರುಗುತ್ತಲೇ ಇತ್ತು. ಹೀಗಾಗುತ್ತಿರುವುದು ಇದು ನಾಲ್ಕನೇ ದಿನ.

ಕುವೆಂಪುನಗರದ ಆ ಅಡ್ಡರಸ್ತೆಯಲ್ಲಿ ಎರಡೆರಡು ಮನೆಗೆ ಒಂದೊಂದು ಗೋಡೆ. ಈಚೆ ಕಡೆ ಬಸಮ್ಮ, ಹೆಬ್ಬಾಳದ ಕಾರ್ಖಾನೆಯಲ್ಲಿ ಸೂಪರ್‌ವೈಸರ್ ಆಗಿರುವ ಮಗ ಚಂದ್ರಮೌಳಿ, ಸೊಸೆ ಸುಚಿತ್ರಾ, ಸೆಕೆಂಡ್ ಪಿಯುಸಿ ಓದುವ ಮೊಮ್ಮಗಳು ಲಾಸ್ಯ. ಆಚೆ ಕಡೆ ರಿಟೈರ್ ಆದ ಲೆಕ್ಕದ ಮೇಷ್ಟ್ರು ವೆಂಕಟಸುಬ್ಬಯ್ಯ, ಅವರ ಹೆಂಡತಿ ಭಾನುಮತಿ. ಮೇಷ್ಟ್ರ ಕಿವಿ ಮಂದವಾಗಿ ಎಂಟು ವರ್ಷವಾಗಿತ್ತು. ಅವರ ಮನೆಯ ಟಿವಿ ಹಾಕಿದರೆ ರಸ್ತೆಯ ತುದಿಯಲ್ಲಿ ಗಾಡಿ ನಿಲ್ಲಿಸಿಕೊಂಡ ಸೊಪ್ಪಿನವಳಿಗೂ ಅವತ್ತಿನ ಕತೆ ಪೂರ್ತಿ ತಿಳಿಯುತ್ತಿತ್ತು.

ಬಸಮ್ಮನವರಿಗೆ ಕಣ್ಣು ಹೋಗಿ ಮೂರು ವರ್ಷ. ಕಣ್ಣೊಳಗಿನ ಒತ್ತಡ ಹೆಚ್ಚಾಗಿದೆ ಎಂದು ಡಾಕ್ಟರು ಹೇಳುವಷ್ಟರಲ್ಲಿ ಹೊತ್ತು ಮೀರಿತ್ತು. ಈಗ ಬೆಳಕು ಯಾವುದು, ಕತ್ತಲು ಯಾವುದು ಎಂದಷ್ಟೇ ಗೊತ್ತಾಗುತ್ತದೆ. ಹೋದ ವರ್ಷ ಲಾಸ್ಯ ಪಿಯುಸಿಗೆ ಸೇರಿದ ವಾರವೇ ಚಂದ್ರಮೌಳಿ ಊಟಕ್ಕೆ ಕೂತು, "ಎರಡು ವರ್ಷ ನಮ್ಮನೇಲಿ ಟಿವಿ ಬೇಡ, ಕೇಬಲ್ ತೆಗೆಸ್ಬಿಡ್ತೀನಿ. ಅಮ್ಮಂಗಂತೂ ಹೇಗೂ ಕಾಣಲ್ಲ" ಅಂದ. ಅಂದು ಸಾರಿಗೆ ತುಪ್ಪ ಹಾಕಿಕೊಂಡ. ಅವನ ಮನಸ್ಸಿನಲ್ಲಿ ಕೆಟ್ಟದ್ದು ಏನೂ ಇರಲಿಲ್ಲ, ಅದೇ ಬಸಮ್ಮನವರಿಗೆ ಇನ್ನೂ ಚುಚ್ಚಿತು. ಬೈದಿದ್ದರೆ ತಿರುಗಿಸಿ ಬೈಯಬಹುದಿತ್ತು.

ಬಸಮ್ಮ ಹದಿನೈದು ದಿನ ಬಿಟ್ಟು ತಮ್ಮ ಮಂಚವನ್ನು ಮೇಷ್ಟ್ರ ಮನೆಯ ಗೋಡೆಗೆ ತಾಗಿಸಿ ಹಾಕಿಸಿಕೊಂಡರು. ಯಾಕೆಂದು ಕೇಳಿದ್ದಕ್ಕೆ "ಈ ಕಡೆ ಗಾಳಿ ಚೆನ್ನಾಗಿ ಬತ್ತದೆ" ಎಂದರು. ಆ ಗೋಡೆಗೆ ಕಿಟಕಿಯೇ ಇಲ್ಲ ಎನ್ನುವುದು ಯಾರಿಗೂ ಹೊಳೆಯಲಿಲ್ಲ. ಸಂಜೆಯ ಲಿಂಗಪೂಜೆಯನ್ನು ಅರ್ಧ ಗಂಟೆ ಹಿಂದಕ್ಕೆ ಹಾಕಿಕೊಂಡರು. ಶಿವ ತಕರಾರು ಮಾಡಲಿಲ್ಲ.

ನಿಜವನ್ನು ಹೇಳಬಹುದಿತ್ತಲ್ಲ ಎನ್ನಬಹುದು. ಹೇಗೆ ಹೇಳುತ್ತಾರೆ? ಕಣ್ಣಿದ್ದ ಕಾಲದಲ್ಲಿ ಧಾರಾವಾಹಿ ನೋಡುವವರನ್ನು ಕಂಡರೆ ಬಸಮ್ಮನವರಿಗೆ ಆಗುತ್ತಿರಲಿಲ್ಲ. ಮಠದ ಪ್ರವಚನ ತಪ್ಪಿಸದ ಹೆಂಗಸು. "ಮಾಡಕ್ಕೆ ಕೆಲ್ಸ ಇಲ್ದೋರು ನೋಡ್ತಾರೆ" ಎಂದು ಸೊಸೆಯ ಎದುರಿಗೇ ನೂರು ಸಲ ಅಂದಿದ್ದರು. ಈಗ ಅದೇ ಬಾಯಲ್ಲಿ, ಏಳೂವರೆ ಧಾರಾವಾಹಿಯ ಕುಸುಮಳಿಗೆ ಏನಾಯಿತೋ ಎಂದು ಜೀವ ಹೊಡೆದುಕೊಳ್ಳುತ್ತಿದೆ ಎಂದು ಹೇಳಲಾದೀತೇ?

ಹಾಗಾಗಿ ಎರಡು ತಿಂಗಳ ಹಿಂದೆ ಚಂದ್ರಮೌಳಿ, "ಅಮ್ಮ, ಆ ಮೇಷ್ಟ್ರ ಟಿವಿಯಿಂದ ನಿಂಗೆ ತೊಂದ್ರೆ ಆಗ್ತಿದೆಯಾ?" ಎಂದು ಕೇಳಿದಾಗ, ಅವರು ಸಿಕ್ಕಿಬಿದ್ದೆ ಎಂದುಕೊಂಡರು. ಬಾಯಿಗೆ ಬಂದದ್ದನ್ನು ಹೇಳಿಬಿಟ್ಟರು. "ತೊಂದ್ರೆ ಅಲ್ದೆ ಇನ್ನೇನಪ್ಪ? ಕಿವಿ ತೂತು ಬೀಳ್ತದೆ. ಏನ್ ಮಾಡದು, ಅನುಭವಿಸ್ಬೇಕು."

ನಟನೆ ಸ್ವಲ್ಪ ಹೆಚ್ಚಾಯಿತು. ಮಗ ಮಾತಿನ ಮನುಷ್ಯನಲ್ಲ, ಕೆಲಸದ ಮನುಷ್ಯ. ಮರುದಿನವೇ ಹೋಗಿ ಮೇಷ್ಟ್ರ ಬಾಗಿಲು ತಟ್ಟಿದ. "ನಮ್ಮ ತಾಯಿಗೆ ಕಣ್ಣು ಕಾಣಲ್ಲ ಸಾರ್. ನಿಮ್ಮ ಟಿವಿಯಿಂದ ಅವರಿಗೆ ಒಂದು ಚೂರು ನೆಮ್ಮದಿ ಇಲ್ಲ." ಕಿವಿ ಕೇಳದವರಿಗೆ ಹೇಳುವ ಮಾತಾದ್ದರಿಂದ ಕೂಗಿಯೇ ಹೇಳಿದ. ಗೋಡೆಯ ಈಚೆ ಬಸಮ್ಮ ಒಂದಕ್ಷರ ಬಿಡದೆ ಕೇಳಿಸಿಕೊಂಡು ಸೆರಗಿನಿಂದ ಮುಖ ಮುಚ್ಚಿಕೊಂಡರು.

ಎಂಟು ವರ್ಷ ಕಿವಿಗೆ ಮಿಷನ್ ಬೇಡವೇ ಬೇಡ ಎಂದು ಹಟ ಹಿಡಿದಿದ್ದ ಮೇಷ್ಟ್ರು ಆ ಅವಮಾನಕ್ಕೆ ಎರಡು ತಿಂಗಳು ಡಾಕ್ಟರ ಹತ್ತಿರ ಓಡಾಡಿ, ನಾಲ್ಕು ದಿನದ ಹಿಂದೆ ಎರಡೂ ಕಿವಿಗೆ ಹಾಕಿಸಿಕೊಂಡು ಬಂದರು. ಟಿವಿ ಪಕ್ಕದಲ್ಲಿ ಒಂದು ಪುಟ್ಟ ಡಬ್ಬಿಯೂ ಬಂತು. ಅದನ್ನು ಕಣ್ಣಾರೆ ನೋಡಿಕೊಂಡು ಬಂದ ಲಾಸ್ಯ ಅಜ್ಜಿಗೆ ವಿವರಿಸಿದಳು. "ಆ ಡಬ್ಬಿ ಟಿವಿ ಸೌಂಡನ್ನ ನೇರವಾಗಿ ತಾತನ ಕಿವಿಗೆ ಕಳಿಸುತ್ತೆ ಅಜ್ಜಿ. ವೈರೂ ಇಲ್ಲ, ಏನೂ ಇಲ್ಲ. ಪಕ್ಕದಲ್ಲಿ ಕೂತಿರೋರಿಗೂ ಕೇಳಲ್ಲ. ಸೂಪರ್ ಅಲ್ವಾ?"

"ಸೂಪರ್" ಎಂದರು ಬಸಮ್ಮ.

ಬರೀ ನಿಶ್ಶಬ್ದವಾಗಿದ್ದರೆ ಹೇಗೋ ತಡೆದುಕೊಳ್ಳುತ್ತಿದ್ದರೇನೋ. ಆದರೆ ಮೇಷ್ಟ್ರಿಗೆ ಟಿವಿಯ ಜನರನ್ನು ಗದರುವ ಅಭ್ಯಾಸ. ಮೂವತ್ತೈದು ವರ್ಷ ಹುಡುಗರನ್ನು ಗದರಿದ ಗಂಟಲು ಅದು. ಡಬ್ಬಿ ಹಾಕಿಕೊಂಡಾಗ ಹೊರಗಿನ ಸದ್ದು ಅವರ ಕಿವಿಗೆ ಬೀಳುವುದಿಲ್ಲವಾದ್ದರಿಂದ, ತಾನು ಎಷ್ಟು ಜೋರಾಗಿ ಕೂಗುತ್ತಿದ್ದೇನೆ ಎನ್ನುವ ಅಂದಾಜೂ ಅವರಿಗಿಲ್ಲ. ಹೀಗಾಗಿ ಗೋಡೆ ದಾಟಿ ಬರುತ್ತಿದ್ದದ್ದು ಮೇಷ್ಟ್ರ ಪಾಲಿನ ಮಾತು ಮಾತ್ರ. ಕುಸುಮಳ ಮೈದುನ ವಸಿಷ್ಠ ಅವಳ ಮಗುವನ್ನು ಕಿತ್ತುಕೊಳ್ಳಲು ಕಾಗದ ಪತ್ರ ಸಿದ್ಧ ಮಾಡಿಸಿದ್ದಾನೆ ಎನ್ನುವಲ್ಲಿಗೆ ಕತೆ ಬಂದು ನಿಂತಿತ್ತು. ಮೊದಲ ದಿನ ಆಚೆಯಿಂದ "ಅವನ ಮಾತು ಕೇಳಬೇಡಮ್ಮ, ಅವನು ನೀಚ!" ಎಂದು ಬಂತು. ಎರಡನೇ ದಿನ "ಓದು! ಮೊದಲು ಓದು! ಓದದೆ ಯಾರಾದರೂ ಸಹಿ ಹಾಕ್ತಾರಾ?" ಮೂರನೇ ದಿನ ಬಹಳ ಹೊತ್ತು ಏನೂ ಇಲ್ಲ. ಕೊನೆಗೆ ಒಂದೇ ಒಂದು "ಛೆ!"

ಆ "ಛೆ" ಬಸಮ್ಮನವರನ್ನು ಬಿಡಲಿಲ್ಲ. ಸಹಿ ಹಾಕಿಬಿಟ್ಟಳೇ? ಮಗು ಹೋಯಿತೇ? ಬೆಳಿಗ್ಗೆ ರೊಟ್ಟಿಯ ತುಂಡು ಕೈಯಲ್ಲೇ ಉಳಿಯಿತು. ವಿಭೂತಿ ಹಚ್ಚಿಕೊಂಡದ್ದು ಮರೆತು ಎರಡು ಸಲ ಹಚ್ಚಿಕೊಂಡರು. ಕೂರುತ್ತಾರೆ, ಏಳುತ್ತಾರೆ, ಮಂಚದ ಕಾಲಿಗೆ ಕಾಲು ತಾಗಿಸಿಕೊಂಡು ಮತ್ತೆ ಕೂರುತ್ತಾರೆ. ಲಾಸ್ಯಳ ಮೊಬೈಲಿನಲ್ಲಿ ಎಲ್ಲವೂ ಸಿಗುತ್ತದಂತೆ. ಆದರೆ ಕೇಳಿದರೆ ಎಲ್ಲ ಹೇಳಬೇಕಾಗುತ್ತದೆ. ಮಗ ತನಗೋಸ್ಕರ ನೆರೆಯವರ ಜೊತೆ ನಿಷ್ಠುರ ಕಟ್ಟಿಕೊಂಡಿದ್ದು ಒಂದು ಸುಳ್ಳಿಗೆ ಎಂದೂ ಹೇಳಬೇಕಾಗುತ್ತದೆ.

ಈಗ, ನಾಲ್ಕನೇ ದಿನ, ಏಳು ನಲವತ್ತರ ಹೊತ್ತಿಗೆ ಆಚೆಯಿಂದ "ಅಯ್ಯಯ್ಯೋ!" ಎಂದು ದೊಡ್ಡದಾಗಿ ಕೇಳಿಸಿತು. ಮತ್ತೆ ಏನೂ ಇಲ್ಲ.

ಬಸಮ್ಮ ಎದ್ದರು. ಚಂದ್ರಮೌಳಿ ಮಗಳನ್ನು ಟ್ಯೂಷನ್ನಿನಿಂದ ಕರೆತರಲು ಸ್ಕೂಟರ್ ತೆಗೆದುಕೊಂಡು ಹೋಗಿದ್ದ. ಸೊಸೆ ಮಹಡಿಯ ಮೇಲೆ ಒಣಗಿದ ಬಟ್ಟೆ ತೆಗೆಯುತ್ತಿದ್ದಳು. ಗೌರಿಹಬ್ಬಕ್ಕೆ ಚಕ್ಕುಲಿ ತುಂಬಿಕೊಂಡು ಬಂದಿದ್ದ ಭಾನುಮತಿಯವರ ಸ್ಟೀಲ್ ಡಬ್ಬ, ಜಗಳದ ನಂತರ ವಾಪಸ್ಸು ಹೋಗದೆ ಅಡುಗೆಮನೆಯ ಕಟ್ಟೆಯ ಮೇಲೇ ಕೂತಿತ್ತು. ತಡವಿ ತೆಗೆದುಕೊಂಡರು. ಖಾಲಿ ಡಬ್ಬ ಕೊಡಬಾರದೆಂದು ಒಂದು ಹಿಡಿ ಸಕ್ಕರೆ ಹಾಕಿದರು. ಕೋಲು ಹಿಡಿದು, ಕಾಂಪೌಂಡ್ ಗೋಡೆ ಸವರಿಕೊಂಡು, ಎರಡು ಗೇಟು ದಾಟಿದರು. ಮೂರು ವರ್ಷದಲ್ಲಿ ಒಬ್ಬರೇ ಹೊರಗೆ ಕಾಲಿಟ್ಟದ್ದು ಅದೇ ಮೊದಲು. ಆದರೂ ನಿಲ್ಲಲಿಲ್ಲ.

"ಬಸಮ್ಮನವ್ರೇ! ಒಬ್ಬರೇ ಬಂದ್ರಾ?" ಭಾನುಮತಿ ಬಾಗಿಲಿಗೆ ಓಡಿಬಂದು ಕೈ ಹಿಡಿದು ಒಳಗೆ ಕರೆದೊಯ್ದು ಸೋಫಾದ ಮೇಲೆ ಕೂರಿಸಿದರು. ಹಾಲ್‌ನಲ್ಲಿ ಫ್ಯಾನಿನ ಸದ್ದು ಬಿಟ್ಟರೆ ಏನೂ ಇಲ್ಲ.

"ಟಿವಿ ಹಾಕಿಲ್ವಾ?"

"ಹಾಕಿದೆ. ಇವರು ನೋಡ್ತಿದ್ದಾರೆ."

"ನಿಮಗೆ?"

"ನಾನು ತುಟಿ ನೋಡ್ಕೊಂಡು ಅಂದಾಜು ಮಾಡ್ತೀನಿ ಕಣ್ರೀ. ಅವರ ಕಿವಿಗೂ ಹೋಗುತ್ತೆ, ಬೇಕಾದ್ರೆ ಟಿವಿಯಲ್ಲೂ ಸೌಂಡ್ ಇಟ್ಕೋಬಹುದು ಅಂತ ಅಂಗಡಿಯವರು ಹೇಳಿದ್ರು. ನಾನೇ ಬೇಡ ಅಂದೆ. ಪಾಪ, ನಿಮಗೆ ತೊಂದ್ರೆ ಆಗಬಾರದಲ್ಲ."

ಆ ದನಿಯಲ್ಲಿ ಕೊಂಕಿರಲಿಲ್ಲ. ಬಸಮ್ಮನವರಿಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಒಂದು ಸುಳ್ಳಿನಿಂದ ಈ ಹೆಂಗಸಿನ ಟಿವಿಯ ಬಾಯನ್ನೂ ಕಟ್ಟಿಸಿದ್ದರು.

ಅಷ್ಟರಲ್ಲಿ ಮೇಷ್ಟ್ರು ಅವರನ್ನು ನೋಡಿ ಕಿವಿಯ ಮಿಷನ್ನಿನ ಗುಂಡಿ ಒತ್ತಿದರು. ಈಗ ಅವರಿಗೆ ಟಿವಿಯ ಜೊತೆಗೆ ಮನೆಯ ಮಾತೂ ಕೇಳುತ್ತದೆ. "ಬನ್ನಿ ಬನ್ನಿ! ನಿಮ್ಮ ಮಗನಿಗೆ ನಾನು ಥ್ಯಾಂಕ್ಸ್ ಹೇಳಬೇಕು. ಆವತ್ತು ಸಿಟ್ಟು ಬಂದಿತ್ತು, ನಿಜ. ಆದರೆ ಎಂಟು ವರ್ಷದ ಮೇಲೆ ಕುಕ್ಕರ್ ಕೂಗೋದು ಕೇಳ್ದೆ. ಇವಳು ಗೊಣಗೋದೂ ಕೇಳ್ತಿದೆ, ಅದೊಂದೇ ನಷ್ಟ."

ಸುಳ್ಳಿಗೆ ಥ್ಯಾಂಕ್ಸು ಬೇರೆ. ಬಸಮ್ಮನವರು ಡಬ್ಬ ಕೊಟ್ಟು ಎದ್ದುಹೋಗಬೇಕು ಎಂದುಕೊಂಡರು. ಬಾಯಿ ಕೇಳಲಿಲ್ಲ. "ಅದು ಬುಡಿ ಮೇಷ್ಟ್ರೇ. ಕುಸುಮ ಸಹಿ ಹಾಕ್ಬುಟ್ಲಾ?"

ಭಾನುಮತಿ ಮೆಲ್ಲಗೆ, "ಕುಸುಮ ನಿಮಗೆ ಹೇಗೆ ಗೊತ್ತು?" ಎಂದರು.

"ಗೋಡೆ ಪಕ್ಕಕ್ಕೆ ಮಂಚ ಹಾಕಿಸ್ಕೊಂಡಿದ್ದೀನಿ ಭಾನುಮತಮ್ಮ. ವರ್ಷದ ಮೇಲಾಯ್ತು, ನಿಮ್ಮ ಟಿವಿನೇ ನನ್ನ ಟಿವಿ. ಮಗ ಕೇಳ್ದಾಗ ನಾಚ್ಕೆ ಆಗಿ ಸುಳ್ಳು ಹೇಳ್ಬುಟ್ಟೆ. ತಪ್ಪಾಯ್ತು. ಮೊದ್ಲು ಹೇಳಿ, ಸಹಿ ಹಾಕಿದ್ಲಾ?"

"ಇಲ್ಲಮ್ಮ! ಈಗಷ್ಟೇ ಕಾಗದ ಹರಿದು ಅವನ ಮುಖಕ್ಕೇ ಬಿಸಾಕಿದ್ಲು!" ಮೇಷ್ಟ್ರು ತಮ್ಮ ವಿದ್ಯಾರ್ಥಿ ರ‍್ಯಾಂಕ್ ಬಂದಷ್ಟು ಸಂಭ್ರಮದಲ್ಲಿ ಹೇಳಿದರು.

"ಮತ್ತೆ ನಿನ್ನೆ 'ಛೆ' ಅಂದ್ರಲ್ಲ?"

"ನಿನ್ನೆನಾ? ಪೆನ್ನು ಕೈಗೆ ತಗೊಂಡ ಹೊತ್ತಿಗೆ ಸರಿಯಾಗಿ ಜಾಹೀರಾತು ಬಂತು."

ಬಸಮ್ಮನವರಿಗೆ ನಗು ಬಂತು. ಅದು ಪೂರ್ತಿಯಾಗುವ ಮುಂಚೆ ಗೇಟು ದಡಾರೆಂದಿತು. "ಅಮ್ಮಾ! ಅಮ್ಮಾ!" ಚಂದ್ರಮೌಳಿ ಏದುಸಿರು ಬಿಡುತ್ತಾ ಬಾಗಿಲಲ್ಲಿ ನಿಂತಿದ್ದ. "ಇಲ್ಲಿದ್ದೀಯಾ? ರಸ್ತೆಯೆಲ್ಲಾ ಹುಡುಕಿದ್ವಲ್ಲಮ್ಮ! ಏನಾಯ್ತು? ಮತ್ತೆ ಸೌಂಡ್ ಏನಾದ್ರೂ..."

"ಡಬ್ಬ ಕೊಡೋಕೆ ಬಂದ್ರು ಅಷ್ಟೇ" ಎಂದರು ಭಾನುಮತಿ. ಒಳ್ಳೆಯ ಹೆಂಗಸು, ಮಾನ ಉಳಿಸುತ್ತಿದ್ದರು. ಬಸಮ್ಮ ಈಗ ಮಗನ ಕೈ ಹಿಡಿದು ಎದ್ದು ಹೋದರೆ ಎಲ್ಲವೂ ಸರಿಹೋಗುತ್ತಿತ್ತು. ನಾಳೆಯ ಏಳೂವರೆಗೆ ಮತ್ತೆ ಅದೇ ಮಂಚ, ಅದೇ ಮೂಕ ಗೋಡೆ. ಕೋಲನ್ನು ಎರಡು ಕಾಲುಗಳ ನಡುವೆ ಊರಿಕೊಂಡು ಅವರು ಅಲ್ಲಾಡದೆ ಕೂತರು.

"ಸೌಂಡಿಂದ ನಂಗೇನೂ ತೊಂದ್ರೆ ಇರ್ಲಿಲ್ಲ ಕಣಪ್ಪ. ದಿನಾ ಕೇಳ್ತಿದ್ದೆ, ಧಾರಾವಾಹಿ. ನಿಂಗೆ ಸುಳ್ಳು ಹೇಳ್ದೆ."

"ನೀನು? ಧಾರಾವಾಹಿ?" ಚಂದ್ರಮೌಳಿಯ ದನಿ ಸಣ್ಣದಾಯಿತು. "ನಾನು ಬಂದು ಇವರ ಹತ್ರ ಅಷ್ಟು ಕೂಗಾಡಿದ್ನಲ್ಲಮ್ಮ... ಹೇಳಿದ್ರೆ ಕೇಬಲ್ ತೆಗೆಸ್ತಾನೇ ಇರ್ಲಿಲ್ಲ."

"ಅಮ್ಮಂಗೆ ಹೇಗೂ ಕಾಣಲ್ಲ ಅಂದೆ ನೀನು. ಊಟಕ್ಕೆ ಕೂತು ಅಂದೆ. ನಾನು ಅಲ್ಲೇ ಕೂತಿದ್ದೆ." ಬಸಮ್ಮನವರು ಮಗನ ದನಿ ಬಂದ ಕಡೆ ಮುಖ ತಿರುಗಿಸಿದರು. "ಕಣ್ಣು ಹೋಯ್ತು ಕಣಪ್ಪ. ಕಿವಿ ಹೋಗಿಲ್ಲ. ನಾನೂ ಹೋಗಿಲ್ಲ. ಒಂದು ಮಾತು ನನ್ನ ಕೇಳ್ಬೇಕಿತ್ತು."

ಭಾನುಮತಿ ರಿಮೋಟ್ ತೆಗೆದುಕೊಂಡು ಗುಂಡಿ ಒತ್ತಿದರು. ಹಾಲ್ ತುಂಬ ಒಮ್ಮೆಲೇ ಹೆಂಗಸೊಬ್ಬಳ ಅಳು ತುಂಬಿಕೊಂಡಿತು. ಮೇಷ್ಟ್ರು ಬೆಚ್ಚಿಬಿದ್ದು, "ಲೇ, ಕಿವಿಯಲ್ಲೂ ಬರ್ತಿದೆ, ಹೊರಗೂ ಬರ್ತಿದೆ, ಎರಡೆರಡು ಸಲ ಅಳ್ತಿದ್ದಾಳೆ!" ಎಂದರು.

"ಅಳಲಿ ಬಿಡಿ" ಎಂದರು ಭಾನುಮತಿ.

ಬಸಮ್ಮನವರ ಕಿವಿ ಟಿವಿಯ ಕಡೆ ಇರಲಿಲ್ಲ, ಬಾಗಿಲ ಕಡೆ ಇತ್ತು. ಮಗನ ಚಪ್ಪಲಿ ಗೇಟಿನ ಕಡೆ ಹೋಗುತ್ತದೋ ಏನೋ ಎಂದು ಉಸಿರು ಬಿಗಿಹಿಡಿದು ಕೇಳಿದರು. ಹೊಸ್ತಿಲ ಹೊರಗೆ ಒಂದು ಚಪ್ಪಲಿ ಕಳಚಿದ ಸದ್ದಾಯಿತು, ಆಮೇಲೆ ಇನ್ನೊಂದು. ಪಕ್ಕದಲ್ಲಿ ಸೋಫಾ ಕುಸಿಯಿತು. ಕಾರ್ಖಾನೆಯ ಎಣ್ಣೆಯ ವಾಸನೆ ಹತ್ತಿರವಾಯಿತು. ಅವನು ಪಿಸುದನಿಯಲ್ಲಿ ಕೇಳಿದ. "ಅಮ್ಮ, ಯಾರು ಇವಳು? ಯಾಕೆ ಅಳ್ತಿದ್ದಾಳೆ?"

ಮೂರು ವರ್ಷದಿಂದ ಎಲ್ಲರೂ ಅವರಿಗೆ ಹೇಳುವವರೇ ಆಗಿದ್ದರು. ಇಲ್ಲಿ ಮೆಟ್ಟಿಲು, ಇಲ್ಲಿ ಲೋಟ, ಬಗ್ಗು, ನಿಲ್ಲು. ಅವರನ್ನು ಕೇಳಿದವರು ಯಾರೂ ಇರಲಿಲ್ಲ. ಬಸಮ್ಮನವರು ಸೆರಗಿನಿಂದ ಕಣ್ಣೊರೆಸಿಕೊಂಡು ಗಂಟಲು ಸರಿಮಾಡಿಕೊಂಡರು.

"ಇವ್ಳು ಕುಸುಮನ ಅತ್ತೆ. ಬರೀ ನಾಟಕ, ನಂಬಬೇಡ" ಎಂದರು. "ಕುಸುಮ ಅಳ್ಬೇಕಾದ್ರೆ ಮೊದ್ಲು ಉಸಿರು ಎಳ್ಕೋತಾಳೆ. ಇವ್ಳು ಎಳ್ಕೊಂಡ್ಲಾ? ಕಣ್ಣು ಮುಚ್ಕೊಂಡು ಕೇಳು, ಗೊತ್ತಾಯ್ತದೆ."