ಕರ್ಚಿಕಾಯಿ ಡಬ್ಬಿ

"ಹತ್ತರ ತಗೊಂಡ್ ಬಾ. ಇನ್ನೂ ಹತ್ತರ. ಜನರಿಗೆ ಕಾಣಬೇಕು."

ಗಿರಿಧರ ಕಾಕಾ ಹೀಗೆ ಅಂದಾಗಲೆಲ್ಲ ಮೈತ್ರೇಯಿ ಫೋನು ಹಿಡಿದುಕೊಂಡು ಮುಂದಕ್ಕೆ ಬಾಗಬೇಕು. ಅದೇ ಅವಳ ಕೆಲಸ. ಎಂ.ಎ. ಮುಗಿಸಿ ಮನೆಯಲ್ಲಿ ಕೂತ ಹುಡುಗಿ, ನಾಲ್ಕು ಜನರೆದುರು ಬಾಯಿ ತೆರೆಯಲು ಅಂಜುವವಳು, ಕ್ಯಾಮೆರಾದ ಹಿಂದೆ ನಿಲ್ಲಲು ಇಂಥವಳಿಗಿಂತ ಯೋಗ್ಯರು ಇನ್ಯಾರು ಎಂದು ಮನೆಯವರೆಲ್ಲ ಕೂಡಿ ತೀರ್ಮಾನಿಸಿದ್ದರು. ಅವಳನ್ನು ಯಾರೂ ಕೇಳಿರಲಿಲ್ಲ.

ಕಾಕಾ ಅಂದರೆ ಅವಳ ಅಪ್ಪನ ತಮ್ಮ. ಬ್ಯಾಂಕಿನ ನೌಕರಿ ಅವಧಿಗೆ ಮುಂಚೆಯೇ ಬಿಟ್ಟು, ನಾಗಪುರದ ಧರಮಪೇಠದ ಮನೆಯ ಮುಂದಿನ ಕೋಣೆಯಲ್ಲಿ ಒಂದು ಮೇಜು, ಒಂದು ದೀಪ ಹಾಕಿಕೊಂಡು ದಿನಾ ಸಂಜೆ ಕನ್ನಡದಲ್ಲಿ ಲೈವ್ ಬರುತ್ತಿದ್ದರು. ಮಾತು ನಾಗಪುರದ್ದಾದರೂ ಕೇಳುವ ಕಿವಿಗಳು ಹುಬ್ಬಳ್ಳಿ, ಬಾಗಲಕೋಟೆ, ದಾವಣಗೆರೆಯಲ್ಲಿದ್ದವು. ಮಹಾನಗರಪಾಲಿಕೆಯ ಚುನಾವಣೆ ಹತ್ತಿರ ಬಂದಿದ್ದರಿಂದ "ಶಿಲುಬೆ ಮತ್ತು ಮತಪೆಟ್ಟಿಗೆ" ಎಂಬ ಮಾಲಿಕೆ ಶುರುವಾಗಿತ್ತು. ಪಾದ್ರಿ ಯಾರಿಗೆ ಓಟು ಹಾಕಿ ಅನ್ನುತ್ತಾನೆ, ಮಿಶನ್ ಶಾಲೆಯ ಹಿಂದೆ ಯಾರ ದುಡ್ಡು, ಆಸ್ಪತ್ರೆಯಲ್ಲಿ ಹಾಸಿಗೆಯ ಪಕ್ಕ ನಿಂತು ಪ್ರಾರ್ಥನೆ ಯಾಕೆ. "ನನಗ ಯೇಸುವಿನ ಮ್ಯಾಲೆ ಸಿಟ್ಟಿಲ್ರಿ, ಅವನ ಹೆಸರಿನಾಗ ನಡಿಯೋ ರಾಜಕಾರಣದ ಮ್ಯಾಲೆ ಸಿಟ್ಟು" ಎಂದು ಕಾಕಾ ಪ್ರತಿ ಸಲ ಮೊದಲೇ ಹೇಳಿಬಿಡುತ್ತಿದ್ದರು. ಆಮೇಲೆ ಮುಗಿಯುವ ತನಕ ಎರಡನ್ನೂ ಒಂದೇ ಒಳಕಲ್ಲಿಗೆ ಹಾಕಿ ರುಬ್ಬುತ್ತಿದ್ದರು.

ಅವತ್ತು ಮೇಜಿನ ಮೇಲೆ ಒಂದು ಸ್ಟೀಲಿನ ಡಬ್ಬಿ ಇತ್ತು. ಮೈತ್ರೇಯಿಗೆ ಕಂಡ ಕೂಡಲೇ ಗುರುತು ಹತ್ತಿತು. ಅದು ಓಣಿಯಾಚೆಯ ಇಂದು ಮಾವಶಿಯ ಡಬ್ಬಿ.

ಮೈತ್ರೇಯಿ ಮಾವಶಿ, ಅಂದರೆ ಚಿಕ್ಕಮ್ಮ, ಎಂದು ಕರೆಯುತ್ತಿದ್ದ ಇಂದುಮತಿ ಹೊಸಮನಿ ಬೆಟಗೇರಿ ಕಡೆಯ ಕ್ರೈಸ್ತರು. ಅವರ ಅಪ್ಪ, ಮೈತ್ರೇಯಿಯ ಅಜ್ಜ ಇಬ್ಬರೂ ರೈಲ್ವೆಯವರು. ಅಜನಿಯ ಕ್ವಾರ್ಟರ್ಸಿನಲ್ಲಿ ಗೋಡೆಗೆ ಗೋಡೆ ಹಚ್ಚಿಕೊಂಡಿದ್ದವರು. ಆ ನಂಟು ಎರಡೂ ಮನೆ ಧರಮಪೇಠಕ್ಕೆ ಬಂದ ಮೇಲೂ ಉಳಿದಿತ್ತು. ಕ್ರಿಸ್‌ಮಸ್ಸಿಗೆ ಆ ಮನೆಯಿಂದ ಕರ್ಚಿಕಾಯಿ ತುಂಬಿದ ಡಬ್ಬಿ ಬರಬೇಕು, ಸಂಕ್ರಾಂತಿಗೆ ಈ ಮನೆಯಿಂದ ಅದೇ ಡಬ್ಬಿ ಕುಸುರೆಳ್ಳು ತುಂಬಿಕೊಂಡು ಹೋಗಬೇಕು. ಬರಿದು ಡಬ್ಬಿ ಯಾವತ್ತೂ ಆ ಓಣಿ ದಾಟಿದ್ದಿಲ್ಲ. ಮಾವಶಿ ಕನ್ನಡ ಸಂಘದ ಹಾಲಿನಲ್ಲಿ ರವಿವಾರ ಬೆಳಿಗ್ಗೆ ಮಕ್ಕಳಿಗೆ ಕನ್ನಡ ಕಲಿಸುತ್ತಿದ್ದರು. ಮನೆಯಲ್ಲಿ ಕನ್ನಡ ಅರ್ಧ, ಹೊರಗೆ ಮರಾಠಿ ಹಿಂದಿ ಪೂರಾ ಆಡುವ ಮಕ್ಕಳು. ಗಂಡ ತೀರಿಕೊಂಡ ಮೇಲೆ, ಶಾಲೆಯ ನೌಕರಿ ಮುಗಿದ ಮೇಲೆ, ಆ ತರಗತಿಯೇ ಅವರ ವಾರದ ಏಳೂ ದಿನ. ಮೈತ್ರೇಯಿ ಅಕ್ಷರ ಕಲಿತದ್ದೂ ಅಲ್ಲೇ.

ಕಾಕಾ ಡಬ್ಬಿಯ ಮುಚ್ಚಳ ತೆಗೆದು, ತಳಕ್ಕೆ ಹಾಸಿದ್ದ ಕಾಗದವನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದರು, ಸತ್ತ ಹಲ್ಲಿಯನ್ನು ಎತ್ತಿದ ಹಾಗೆ. ಹಳೇ ಕ್ಯಾಲೆಂಡರಿನ ಹಾಳೆ. ಎಣ್ಣೆ ಹೀರಲಿ ಎಂದು ಹಾಸಿದ್ದು. ಮೂಲೆಯಲ್ಲಿ ಬೈಬಲಿನ ಒಂದು ವಾಕ್ಯ ಅಚ್ಚಾಗಿತ್ತು.

"ನೋಡ್ರಿ, ಮ್ಯಾಲೆ ಸಿಹಿ, ಕೆಳಗ ವಾಕ್ಯ! ಮನಿಮನಿಗೆ ಡಬ್ಬಿ ಹೊಂಟದ. ತಿಂದವರು ನಾಳೆ ಯಾರಿಗೆ ಓಟು ಹಾಕ್ತಾರ? ಇದಕ್ಕ ನಾನು ಕರ್ಚಿಕಾಯಿ ರಾಜಕಾರಣ ಅಂತೀನಿ. ಮತ್ತ ಇದನ್ನ ಕಳಿಸಿದವರ ಕೈಯಾಗ ನಮ್ಮ ಸಂಘ ನಮ್ಮ ಮಕ್ಕಳನ್ನ ಕೊಟ್ಟದ. ಅ ಆ ಇ ಈ ಕಲಿಸ್ತಾರಂತ. ಮುಂದ ಏನೇನು ಕಲಿಸ್ತಾರೋ!"

ಹೆಸರು ಹೇಳಲಿಲ್ಲ. ಹೇಳುವ ಅಗತ್ಯವೇ ಇರಲಿಲ್ಲ. ನಾಗಪುರದ ಕನ್ನಡದವರಿಗೆಲ್ಲ ಅಷ್ಟು ಸಾಕಾಗಿತ್ತು.

ಆ ಕರ್ಚಿಕಾಯಿಗಳಲ್ಲಿ ಅರ್ಧದಷ್ಟನ್ನು ತಿಂದು ಮುಗಿಸಿದವರು ಇದೇ ಕಾಕಾ. ಚಹಾದ ಜೊತೆ ಒಂದೊಂದೇ ಮುರಿದು, ಮೀಸೆಗೆ ಹತ್ತಿದ ಕೊಬ್ಬರಿ ಒರೆಸಿಕೊಳ್ಳುತ್ತ, "ಇಂದಕ್ಕನ ಕೈ ಅಂದ್ರ ಇಂದಕ್ಕಂದ, ಇನ್ನ ಉಳದಾವೇನು?" ಎಂದು ಒಳಗೆ ಬಂದು ಕೇಳಿದ್ದರು.

ಮರುದಿನ ಸಂಘದ ವಾಟ್ಸಾಪ್ ಗುಂಪಿನಲ್ಲಿ ಆ ವಿಡಿಯೋ ತಿರುಗಿತು. ಬೆಂಗಳೂರಿನಿಂದ ಹೊಸದಾಗಿ ಬಂದ ಚಾರುಲತಾ ಎಂಬಾಕೆ, "ನಮಗೇನೂ ಪ್ರಾಬ್ಲಮ್ ಇಲ್ಲಪ್ಪ, ಮೇಡಂ ತುಂಬಾ ಒಳ್ಳೆಯವರು. ಆದ್ರೂ ಮಕ್ಕಳ ವಿಷ್ಯ ಅಲ್ವಾ" ಎಂದು ಬರೆದು ಕೈಮುಗಿಯುವ ಚಿತ್ರ ಹಾಕಿದಳು. ಅದರ ಕೆಳಗೆ ಕೈಮುಗಿದವರ ಸಾಲೇ ಹತ್ತಿತು. ಸಂಘದ ಅಧ್ಯಕ್ಷರು ಕೃಷ್ಣಪ್ರಸಾದರು. ತರಗತಿಯ ಬಗ್ಗೆ ಬರುವ ರವಿವಾರ ಹಾಲಿನಲ್ಲೇ ಕೂತು ನಿರ್ಧರಿಸೋಣ, ಅಲ್ಲಿಯವರೆಗೆ ಎಲ್ಲರೂ ಸಂಯಮದಿಂದ ಇರೋಣ ಎಂದು ಅವರು ಬರೆದರು. ಬೈದವನಿಗೂ ಸಂಯಮ, ಬೈಸಿಕೊಂಡವರಿಗೂ ಸಂಯಮ.

"ಅಪ್ಪಾ, ನೀವರೆ ಒಂದು ಮಾತು ಹೇಳ್ರಿ ಕಾಕಾಗ" ಎಂದಳು ಮೈತ್ರೇಯಿ.

ಬಿಂದುಮಾಧವರಾಯರು ಕೇಂದ್ರ ಸರ್ಕಾರದ ಕಚೇರಿಯಲ್ಲಿ ಇಡೀ ಜನ್ಮ ಯಾರಿಗೂ ಎದುರು ಹೇಳದೆ ಪಿಂಚಣಿ ತನಕ ಬಂದವರು. ಪೇಪರಿನಿಂದ ತಲೆ ಎತ್ತಲಿಲ್ಲ. "ಅವನ ಉದ್ಯೋಗ ಅವನು ಮಾಡ್ತಾನ. ನಾವ್ಯಾಕ ನಡುವ?"

"ಮಾವಶಿ ತರಗತಿ ಹೋಗ್ತದ."

"ಹೋಗಂಗಿಲ್ಲ ಬಿಡು. ಜನ ಮರೀತಾರ."

ಕಾಕಾ ಮರೆಯಗೊಡಲಿಲ್ಲ. ಡಬ್ಬಿ ಮೇಜಿನ ಮೇಲೆಯೇ ಉಳಿಯಿತು. ಅವಳ ಅವ್ವ ವಸುಧಾ ತೊಳೆಯಲು ಕೇಳಿದರೆ, "ವೈನಿ, ಅದು ಎವಿಡೆನ್ಸ್, ಮುಟ್ಟಬ್ಯಾಡ್ರಿ" ಎಂದುಬಿಟ್ಟರು. ದಿನಾ ಸಂಜೆ ಒಂದು ಸಲ ಅದರ ಮುಚ್ಚಳ ತಟ್ಟಿ ಸಪ್ಪಳ ಮಾಡುವುದು ಅವರ ವೀಕ್ಷಕರಿಗೆ ರೂಢಿಯಾಯಿತು.

ಶನಿವಾರ ಮಧ್ಯಾಹ್ನ ಮೇಜು ಒರೆಸುವಾಗ ಮೈತ್ರೇಯಿ ಡಬ್ಬಿ ಎತ್ತಿದಳು. ತಳದಲ್ಲಿ ಬೆರಳಿಗೆ ಏನೋ ಒರಟು ತಾಗಿತು. ತಿರುಗಿಸಿ ನೋಡಿದಳು. ಪಾತ್ರೆ ಅಂಗಡಿಯವರು ಹೆಸರು ಹಾಕುವಾಗ ಕುಟ್ಟುವ ಚುಕ್ಕಿಗಳು, ಸವೆದಿದ್ದರೂ ಓದಲು ಬರುತ್ತಿದ್ದವು: ಚಿ. ಗಿರಿಧರನ ಮುಂಜಿವಿ, ನಾಗಪುರ.

ಡಬ್ಬಿ ಎದೆಗವಚಿಕೊಂಡು ಅಡಿಗೆಮನೆಗೆ ಓಡಿದಳು. ವಸುಧಾ ನೋಡಿ, ಎಳ್ಳು ಹುರಿಯುತ್ತಿದ್ದ ಕೈ ನಿಲ್ಲಿಸಲಿಲ್ಲ.

"ಹೌದಲ್ಲ. ಇವನಿಗೆ ಜನಿವಾರ ಹಾಕಿದಾಗ ನಿಮ್ಮಜ್ಜಿ ಬಂದವರಿಗೆಲ್ಲಾ ಹಂಚಿದ ಡಬ್ಬಿ. ಒಂದು ಇಂದುನ ಅವ್ವಗ ಕೊಟ್ಟಿದ್ರು. ಆವತ್ತ ನಮ್ಮ ಕ್ವಾರ್ಟರ್ಸಿಗೆ ನೀರ ಬರಲಿಲ್ಲಂತ. ಅವರ ಮನಿ ನಳದಿಂದ ಇಂದು, ಆಕಿ ಅವ್ವ ಕೊಡಾ ಹೊತ್ತಾರ, ಸಂಜಿತನಕ. ಭಟ್ಟರ ಮಡಿನೂ ಅದೇ ನೀರಿನಾಗ, ಇವನ ಸ್ನಾನಾನೂ ಅದೇ ನೀರಿನಾಗ. ನಿಮ್ಮಜ್ಜಿ ಸಾಯೋತನಕ ಹೇಳತಿದ್ರು."

"ಕಾಕಾಗ ಗೊತ್ತಿಲ್ಲೇನು?"

"ತಿನ್ನಾವರು ಡಬ್ಬಿ ತಳಾ ಯಾಕ ನೋಡ್ತಾರ?" ಎಂದರು ವಸುಧಾ, ಮತ್ತು ಬಾಣಲೆಯನ್ನು ಬೇಕಿದ್ದಕ್ಕಿಂತ ಜೋರಾಗಿ ಕೆಳಗಿಟ್ಟರು.

ಆ ಸಂಜೆ ಕಾಕಾ ಹುರುಪಿನಲ್ಲಿದ್ದರು. ಮರುದಿನ ಸಂಘದ ನಿರ್ಧಾರ. "ನಾಳೆ ನಮ್ಮ ಸಮಾಜ ಎಚ್ಚರ ಅದನೋ, ನಿದ್ದಿಯೊಳಗ ಅದನೋ ಗೊತ್ತಾಗ್ತದ" ಎಂದು ಮುಚ್ಚಳ ತಟ್ಟಿದರು. "ಹತ್ತರ ತಗೊಂಡ್ ಬಾ."

ಮೈತ್ರೇಯಿ ಹತ್ತಿರ ಹೋದಳು. ಬಲಗೈಯಲ್ಲಿ ಫೋನು. ಎಡಗೈಯಲ್ಲಿ ಡಬ್ಬಿಯನ್ನೆತ್ತಿ ಮಗುಚಿ, ತಳವನ್ನು ಕ್ಯಾಮೆರಾದ ಮುಂದೆ ಹಿಡಿದಳು. ಆಮೇಲೆ ಆ ಲೈವಿನಲ್ಲಿ ಯಾರೂ ಯಾವತ್ತೂ ಕೇಳದ ಒಂದು ಧ್ವನಿ ಕೇಳಿಸಿತು.

"ಚಿರಂಜೀವಿ ಗಿರಿಧರನ ಮುಂಜಿವಿ, ನಾಗಪುರ. ಕಾಕಾ, ಇದು ನಿಮ್ಮ ಡಬ್ಬಿ. ಅವರ ಮನಿ ನಳದ ನೀರಿನಾಗ ನಿಮ್ಮ ಮುಂಜಿವಿ ಆಗೇದ. ಅದನ್ನೂ ಹೇಳ್ರಿ ಜನರಿಗೆ."

ಕಾಕಾ ಮುಂದೆ ಬಾಗಿ ಡಬ್ಬಿಯ ತಳ ನೋಡಿದರು. ಮುಗಿಯಿತು, ಇನ್ನೇನು ಹೇಳುತ್ತಾರೆ ಎಂದುಕೊಂಡಳು.

ಕಾಕಾ ನಕ್ಕರು.

"ವಾ! ನೋಡಿದ್ರೇನು ವೀಕ್ಷಕರೇ? ನಮ್ಮ ಮುಂಜಿವಿ ಡಬ್ಬಿ! ಅದರಾಗನ ತಮ್ಮ ವಾಕ್ಯ ಹಾಸಿ ನಮಗ ತಿರುಗಿ ಕಳಿಸ್ಯಾರ. ಎಷ್ಟು ದೂರದ ಲೆಕ್ಕಾಚಾರ ನೋಡ್ರಿ! ಮತ್ತ ಈಗ ಮಾತಾಡಿದ್ದು ಯಾರು? ನನ್ನ ಸ್ವಂತ ಅಣ್ಣನ ಮಗಳು. ಮನ್ಯಾಗ ಬಾಯಿ ಬಿಡದ ಹುಡುಗಿ. ಈಕಿಗೆ ಕನ್ನಡ ಕಲಿಸಿದ್ದು ಯಾರು? ಅದೇ ಹೆಂಗಸು. ನಾನು ಹೇಳಿದ್ದು ಬರೋಬರ್ ಅದನೋ ಇಲ್ಲೋ?"

ಪರದೆಯ ಮೇಲೆ ಕೆಂಪು ಹೃದಯಗಳು ಗುಳ್ಳೆಗಳಂತೆ ಏಳತೊಡಗಿದವು. "ಪಾಪ ಹುಡುಗಿ, ಕಾಪಾಡಿ ಸರ್." "ಮದುವೆ ಮಾಡಿಬಿಡಿ ಜಲ್ದಿ." "ಸತ್ಯ ಹೇಳಿದಿರಿ ಗುರುಗಳೇ."

ನಿಜ ಹೇಳಿದರೆ ಸಾಕು ಎಂದುಕೊಂಡಿದ್ದಳು. ನಿಜವನ್ನೂ ಈ ಮನುಷ್ಯ ಚಹಾದ ಜೊತೆ ಮುರಿದು ತಿಂದಿದ್ದ. ಫೋನನ್ನು ಮೇಜಿನ ಮೇಲೆ ಬೋರಲು ಹಾಕಿ, ಡಬ್ಬಿ ಕೈಯಲ್ಲಿ ಹಿಡಿದು ಹೊರಟಳು.

"ಏ! ಲೈವ್ ನಡದದ! ಎಲ್ಲಿಗೆ?"

"ಸಂಕ್ರಾಂತಿ ಬಂತು. ಡಬ್ಬಿ ಕೊಡ್ಲಿಕ್ಕೆ."

ಅಡಿಗೆಮನೆಯಲ್ಲಿ ಡಬ್ಬಿ ತಿಕ್ಕಿ ತೊಳೆದಳು. ವಸುಧಾ ಕುಸುರೆಳ್ಳು ತುಂಬಿಸಿ, ಮುಚ್ಚಳವನ್ನು ಅಂಗೈಯಿಂದ ಒತ್ತಿದರು.

ಇಂದು ಮಾವಶಿ ಬಾಗಿಲು ತೆಗೆದವರೇ ಅಂದರು: "ನೋಡೀನಿ. ಛಲೋ ಓದಿದಿ. ಮಹಾಪ್ರಾಣ ತಪ್ಪಲಿಲ್ಲ."

ಮೈತ್ರೇಯಿ ಡಬ್ಬಿ ಹಿಡಿದ ಕೈಯಿಂದಲೇ ಕಣ್ಣೊರೆಸಿಕೊಂಡಳು. "ಮಾವಶಿ, ನನ್ನಿಂದ ಮತ್ತಷ್ಟು..."

"ಅಳಬ್ಯಾಡ. ನೀ ಅತ್ತರ ನಾ ಸಮಾಧಾನ ಮಾಡಬೇಕಾಗತೈತಿ. ನನಗ ಈಗ ಅಷ್ಟು ತ್ರಾಣ ಇಲ್ಲ." ಅವರ ದನಿ ತಣ್ಣಗೆ ಇರಲಿಲ್ಲ, ತಡೆಹಿಡಿದಿದ್ದರು, ಅಷ್ಟೇ. "ಅವಗ ನಾ ಎತ್ತಿ ಆಡಿಸೀನಿ. ಇಂದಕ್ಕಾ ಇಂದಕ್ಕಾ ಅಂತ ಸೆರಗ ಹಿಡದು ಬರತಿದ್ದ. ಅವನ ಬಾಯಾಗ ಇವತ್ತ ನಾ 'ಅದೇ ಹೆಂಗಸು' ಆಗೀನಿ. ಇವ ಒಬ್ಬಾವ ಅಲ್ಲ. ಮುಂಜಾನೆ ಆ ಕಡೆ ಪಾರ್ಟಿಯವ ಒಬ್ಬ ಬಂದಿದ್ದ, ನಮ್ಮ ಚರ್ಚಿನವನೇ. ಸ್ಟೇಜ್ ಮ್ಯಾಲೆ ಕುಂದರ್ರಿ ಟೀಚರ್, ನಿಮಗ ಅನ್ಯಾಯ ಆಗೈತಿ, ನಾಕು ಮಾತು ಅತ್ತು ಹೇಳ್ರಿ ಅಂದ. ಅವಗೂ ನನ್ನ ಡಬ್ಬಿನ ಬೇಕು! ನಾ ದೇವರಿಗೆ ಕೈ ಮುಗದರ ಅದೂ ಓಟು, ಎಣ್ಣಿ ಹೀರಾಕ ಕಾಗದ ಹಾಸಿದರ ಅದೂ ಓಟು. ನನ್ನ ಮನಿಯಾಗ ನನ್ನ ದೇವರನ್ನ ನನಗ ಬಿಡ್ರಿ ಅಂತ ಹೊರಗ ಹಾಕಿದೆ."

ಒಳಗೆ ಹೋಗಿ ಕುಸುರೆಳ್ಳನ್ನು ತಾಟಿಗೆ ಸುರುವಿಕೊಂಡರು. ಡಬ್ಬಿಯನ್ನು ತಿರುಗಿ ತಂದಾಗ ಒಳಗೆ ಏನೋ ಖಣ್ ಎಂದಿತು. ಸಂಘದ ಹಾಲಿನ ಕಪಾಟಿನ ಕೀಲಿ. ಪಾಟಿ, ಸೀಮೆಸುಣ್ಣ, ಪುಸ್ತಕ, ತರಗತಿಯ ಎಲ್ಲವೂ ಆ ಕಪಾಟಿನೊಳಗೇ.

"ಬರಿದು ಕೊಡಬಾರದು. ತಗೋ. ನಾಳೆ ಸಂಘದವರ ಕೈಯಾಗ ಹಾಕಿಬಿಡು. ನಾ ಎಂಥಾಕಿ ಅಂತ ಅಲ್ಲಿ ನಿಂತು ಸಾಬೀತು ಮಾಡಂಗಿಲ್ಲ."

ರವಿವಾರ ಹಾಲಿನಲ್ಲಿ ಕುರ್ಚಿಗಳನ್ನು ಎಂದಿಗಿಂತ ನೆಟ್ಟಗೆ ಜೋಡಿಸಿದ್ದರು. ಮಕ್ಕಳು ಒಂದು ಮೂಲೆಯಲ್ಲಿ ಮರಾಠಿಯಲ್ಲಿ ಗುಸುಗುಸು ಮಾಡುತ್ತಿದ್ದರು. ಅಪ್ಪ ಹಿಂದಿನ ಸಾಲಿನಲ್ಲಿ ಕೂತು ತಮ್ಮ ಚಪ್ಪಲಿ ನೋಡಿಕೊಳ್ಳುತ್ತಿದ್ದರು. ಕಾಕಾ ಬಾಗಿಲ ಹತ್ತಿರ ನಿಂತು ತಾವೇ ಫೋನು ಹಿಡಿದಿದ್ದರು.

ಕೃಷ್ಣಪ್ರಸಾದರು ಮೈಸೂರಿನವರು, ಮೃದುವಾಗಿ ಮಾತಾಡುವವರು. "ನೋಡಿ, ಇಂದುಮತಿಯವರ ಬಗ್ಗೆ ನಮಗೆಲ್ಲ ಅಪಾರ ಗೌರವ ಇದೆ. ಆ ಗೌರವದಿಂದಲೇ ಅವರಿಗೆ ಸ್ವಲ್ಪ ವಿಶ್ರಾಂತಿ ಕೊಡೋಣ ಅಂತ. ತರಗತಿ ನಿಲ್ಲಬಾರದು. ನಮ್ಮ ಮೈತ್ರೇಯಿ ಇದ್ದಾಳಲ್ಲ, ಅವರ ಹತ್ರಾನೇ ಕಲಿತವಳು. ಇವತ್ತಿಂದ ನೀನೇ ತಗೋಮ್ಮಾ. ಕೀ ನಿನ್ನ ಹತ್ರಾನೇ ಕೊಟ್ಟಿದ್ದಾರಂತೆ?"

ಯಾರೋ ಚಪ್ಪಾಳೆ ತಟ್ಟಿದರು. ಎಷ್ಟು ಸುಲಭದ ದಾರಿ! ಯಾರನ್ನೂ ತೆಗೆದುಹಾಕಿದ ಹಾಗಿಲ್ಲ, ಯಾರೂ ಕೆಟ್ಟವರಾಗಬೇಕಿಲ್ಲ.

ಮೈತ್ರೇಯಿ ಎದ್ದಳು. ಕಪಾಟಿನ ಹತ್ತಿರ ಹೋಗಿ ಅದಕ್ಕೆ ಬೆನ್ನು ಕೊಟ್ಟು ನಿಂತಳು.

"ಕೊಡಂಗಿಲ್ಲ" ಎಂದಳು.

"ಏನಮ್ಮಾ?"

"ಕೀಲಿ ಕೊಡಂಗಿಲ್ಲ. ತರಗತಿನೂ ತಗೊಳ್ಳಂಗಿಲ್ಲ. ಗೌರವ ಅದ ಅಂದ್ರೆಲ್ಲ, ಹಂಗಾರ ಹೋಗಿ ಕರಕೊಂಡ್ ಬರ್ರಿ. ಅವರು ಬಂದು ತೆಗೀತಾರ. ಅಲ್ಲಿತನಕ ಇದು ತೆಗಿಯಂಗಿಲ್ಲ."

"ಹಾಗೆಲ್ಲ ಹಟ ಮಾಡಬಾರದು. ಸಂಘದ ಕಪಾಟು. ಬೀಗ ಒಡೆಸಬೇಕಾಗುತ್ತೆ."

"ಒಡಸ್ರಿ. ಇಲ್ಲಿ ಕೂತವರೆಲ್ಲ ಅವರ ಮನಿ ಕರ್ಚಿಕಾಯಿ ತಿಂದೀರಿ. ಒಬ್ಬರರೆ ಆ ಕಾಗದ ಓದಿ ಮತ ಬದಲು ಮಾಡಿದವರು ಇದ್ರ ಮುಂದ ಬಂದು ಒಡೀರಿ."

ಚಾರುಲತಾ ಮಗಳ ಜಡೆ ಸರಿಪಡಿಸತೊಡಗಿದಳು. ಕೃಷ್ಣಪ್ರಸಾದರು ಕನ್ನಡಕ ತೆಗೆದು ಒರೆಸಿಕೊಂಡರು. ಯಾರೂ ಏಳಲಿಲ್ಲ. ಹಿಂದಿನ ಸಾಲಿನಲ್ಲಿ ಅಪ್ಪ ಮಾತ್ರ ಚಪ್ಪಲಿಯಿಂದ ಕಣ್ಣು ಎತ್ತಿದ್ದರು.

ಬಾಗಿಲ ಹತ್ತಿರ ಕಾಕಾನ ಫೋನು ಅವಳ ಕಡೆಗೇ ಇತ್ತು. ಇದನ್ನೂ ಮುರಿದು ತಿನ್ನುತ್ತಾರೆ, ಇವತ್ತು ಸಂಜೆಯೇ. ಅದು ಅವಳಿಗೆ ಗೊತ್ತಿತ್ತು. ಕೀಲಿಯನ್ನು ಮುಷ್ಟಿಯಲ್ಲಿ ಎಷ್ಟು ಬಿಗಿದಿದ್ದಳೆಂದರೆ ಅದರ ಹಲ್ಲು ಅಂಗೈಗೆ ಒತ್ತಿ ಉರಿಯುತ್ತಿತ್ತು. ಆ ಮುಷ್ಟಿಯನ್ನೇ ಎತ್ತಿ ಹಿಡಿದಳು.

"ದೂರ ಯಾಕ ನಿಂತೀರಿ ಕಾಕಾ? ಹತ್ತರ ಬರ್ರಿ. ಇನ್ನೂ ಹತ್ತರ."